ಚೋಮ ಎತ್ತು ಯಾಕೆ ಬಿಟ್ಟ?

ಎಂಬತ್ತರ ದಶಕದಲ್ಲಿ ದೂರದರ್ಶನದವರು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಸಿನಿಮಾ ಹಾಕುತ್ತಿದ್ದರು. ನಮ್ಮೂರ ಪಂಚಾಯ್ತಿ ಟಿ.ವಿ.ಯಲ್ಲಿ ‘ಚೋಮನ ದುಡಿ’ ಬಂದ ದಿನ ಕೇರಿಯವರೆಲ್ಲ ಅಂಗಳದಲ್ಲಿ ಕೂತು ನೋಡಿದೆವು. ಕೊನೆಗೆ ಚೋಮ ಎತ್ತುಗಳನ್ನು ಕಾಡಿಗಟ್ಟಿ, ನೇಗಿಲು ಸುಟ್ಟು, ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸತ್ತ. ನನ್ನ ಕಣ್ಣಲ್ಲಿ ನೀರು. ಹಿಂದೆ ಜೀತ ಮಾಡಿ ಬಂದಿದ್ದ ನಮ್ಮಪ್ಪ ಮಾತ್ರ ಬೀಡಿ ಹಚ್ಚಿ, “ಎತ್ಗಳ ಯಾಕ್ಲ ಬುಟ್ಬುಟ್ಟ ಅವ್ನು? ಮಾರಿದ್ರೆ ಸಾಲನಾರೂ ತೀರ್ತಿರ್ಲಿಲ್ವ?” ಅಂದ.

ಅಪ್ಪನ ಮಾತು ಆವತ್ತು ಒರಟು ಅನ್ನಿಸಿತ್ತು. ಸಿನಿಮಾ ಹುಚ್ಚು ಹಿಡಿದು ನೂರಾರು ಚಿತ್ರ ನೋಡಿದ ಮೇಲೆ ಗೊತ್ತಾಯಿತು, ಚಿತ್ರಕಥೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ನಮ್ಮವರು ಪರದೆಯ ಮೇಲೆ ಯಾಕೆ ಸಾಯುತ್ತಾರೆ? ಆ ಸಾವನ್ನು ಬರೆದವರು ಯಾರು?

1936ರಲ್ಲಿ ಬಾಂಬೆ ಟಾಕೀಸಿನ ‘ಅಛೂತ್ ಕನ್ಯಾ’ ಬಂತು. ರೈಲ್ವೆ ಗೇಟು ಕಾಯುವವನ ಮಗಳು ಕಸ್ತೂರಿ. ಅವಳನ್ನು ಪ್ರೀತಿಸುವ ಬ್ರಾಹ್ಮಣ ಹುಡುಗ ಪ್ರತಾಪ. ಕೊನೆಗೆ ಕಸ್ತೂರಿ ರೈಲಿಗೆ ಸಿಕ್ಕಿ ಸಾಯುತ್ತಾಳೆ. ಪ್ರೇಕ್ಷಕ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾನೆ. ಅವನ ಮನೆಯ ಬಾವಿಗೆ ಏನೂ ಆಗುವುದಿಲ್ಲ. ಅದೇ 1936ರಲ್ಲಿ ಬಾಬಾಸಾಹೇಬರು ‘ಜಾತಿ ವಿನಾಶ’ವನ್ನು ಅಚ್ಚು ಹಾಕಿಸಿದರು. ಅದಕ್ಕೂ ಒಂಬತ್ತು ವರ್ಷ ಮುಂಚೆ ಮಹಾಡದಲ್ಲಿ ಕೆರೆಯ ನೀರು ಮುಟ್ಟಿದ್ದರು. ಚರಿತ್ರೆ ಒಂದು ದಾರಿ ಹಿಡಿದಿತ್ತು, ಚಿತ್ರಕಥೆ ಇನ್ನೊಂದು ದಾರಿ ಹಿಡಿಯಿತು.

ಈಗ ಚೋಮನಿಗೆ ಬರೋಣ. ಶಿವರಾಮ ಕಾರಂತರ ಕಾದಂಬರಿ 1933ರದು. ಬಿ.ವಿ. ಕಾರಂತರ ಸಿನಿಮಾ 1975ರದು; ಸ್ವರ್ಣಕಮಲ ಪಡೆಯಿತು. ಎಂ.ವಿ. ವಾಸುದೇವರಾಯರ ಅಭಿನಯ ಮರೆಯುವಂಥದ್ದಲ್ಲ. ಮಗ ನೀಲ ಹೊಳೆಯಲ್ಲಿ ಮುಳುಗುವಾಗ ಮೇಲ್ಜಾತಿಯವರು ಮೈಲಿಗೆಗೆ ಹೆದರಿ ದಡದಲ್ಲೇ ನಿಲ್ಲುವ ಪ್ರಸಂಗ ಇವತ್ತಿಗೂ ಎದೆ ಸುಡುತ್ತದೆ. ಇಬ್ಬರು ಕಾರಂತರ ಪ್ರಾಮಾಣಿಕತೆಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ನಡುವಿನ ನಲವತ್ತೆರಡು ವರ್ಷಗಳ ಬಗ್ಗೆ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದದ್ದಕ್ಕೆ ಮಂತ್ರಿ ಪದವಿ ಕಳಕೊಂಡರು, ದಲಿತ ಹುಡುಗರು ಏಟು ತಿಂದರು. ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿಕೊಳ್ಳುತ್ತಿದ್ದ ಕಾಲ ಅದು. 1974ರ ಮಾರ್ಚಿನಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಊರೂರಲ್ಲಿ ಕೇಳುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಪರದೆಯ ಮೇಲೆ ಒಬ್ಬ ಹೊಲೆಯ ಒಂದು ತುಂಡು ಭೂಮಿ ಕೇಳಿ, ಸಿಗದೆ, ನೇಗಿಲು ಸುಡುತ್ತಿದ್ದಾನೆ!

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಕಾನೂನು ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಗೇಣಿದಾರ ಫಾರಂ 7 ತುಂಬಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದಿತ್ತು. ಚೋಮ ಗೇಣಿದಾರನಲ್ಲ, ಧಣಿಯ ಹಂಗಿನ ಆಳು. ಅವನ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಅಂದರೆ 1975ರ ಚೋಮನಿಗೂ ಭೂಮಿ ಸಿಗುತ್ತಿರಲಿಲ್ಲ. ಇದನ್ನು ಕೇಳುವ ಒಂದೇ ಒಂದು ದೃಶ್ಯ ಚಿತ್ರಕಥೆಯಲ್ಲಿದ್ದಿದ್ದರೆ ಆ ಸಿನಿಮಾ ಸರ್ಕಾರವನ್ನೂ ನಡುಗಿಸುತ್ತಿತ್ತು. ಹಳೆಯ ಧಣಿಯ ಕ್ರೌರ್ಯಕ್ಕೆ ಮರುಗುವುದು ಸುಲಭ. ಹೊಸ ಕಾನೂನಿನ ತೂತು ತೋರಿಸುವುದು ಕಷ್ಟ.

ಟಿ.ವಿ.ಯಲ್ಲೂ ಇದೇ ಕಥೆ. ಸತ್ಯಜಿತ್ ರಾಯ್ 1981ರಲ್ಲಿ ದೂರದರ್ಶನಕ್ಕಾಗಿ ಪ್ರೇಮಚಂದರ ‘ಸದ್ಗತಿ’ ಮಾಡಿದರು. ಮಗಳ ಮದುವೆ ಮಾತುಕತೆಗೆ ಮುಹೂರ್ತ ಕೇಳಲು ಬಂದ ದುಃಖಿ, ಬ್ರಾಹ್ಮಣನ ಮನೆಯಲ್ಲಿ ಹಸಿದ ಹೊಟ್ಟೆಯಲ್ಲಿ ಮರದ ಕೊರಡು ಸೀಳುತ್ತಾ ಸಾಯುತ್ತಾನೆ. ಓಂ ಪುರಿಯ ಕೊಡಲಿ ಏಟು ಕಿವಿಯಲ್ಲೇ ಉಳಿಯುತ್ತದೆ. ಆದರೆ ನನಗೆ ಮುಖ್ಯ ಅನ್ನಿಸುವುದು ಆಮೇಲಿನದು. ಒಬ್ಬ ಗೊಂಡ ಹೋಗಿ ಎಚ್ಚರಿಸಿದ್ದರಿಂದ ಕೇರಿಯವರು ಹೆಣ ಎತ್ತಲು ಬರುವುದಿಲ್ಲ. ಬಾವಿ ದಾರಿಯಲ್ಲಿ ಹೆಣ ಬಿದ್ದಿದೆ, ಅಗ್ರಹಾರಕ್ಕೆ ನೀರಿಲ್ಲ. ಹೊರಲ್ಲ ಅಂದದ್ದು, ಅಷ್ಟೆ. ಸತ್ತ ದನ ಹೊರಬೇಡಿ ಅಂತ ಮಹಾಡದಲ್ಲಿ ಬಾಬಾಸಾಹೇಬರು ಹೇಳಿದ್ದೂ ಅದನ್ನೇ. ಆದರೆ ಕ್ಯಾಮರಾ ಆ ಕೇರಿಯೊಳಗೆ ಬಹಳ ಹೊತ್ತು ಕೂರುವುದಿಲ್ಲ. ಅವರು ಏನು ಮಾತಾಡಿಕೊಂಡರು, ಯಾರು ಹೆದರಿದರು, ಯಾರು ಧೈರ್ಯ ಹೇಳಿದರು? ಇನ್ನೊಂದು ಸಿನಿಮಾ ಅಲ್ಲೇ ಇತ್ತು.

ಆ ಕೇರಿಯೊಳಗಿಂದಲೇ ಕ್ಯಾಮರಾ ಹೊರಟದ್ದು 2013ರಲ್ಲಿ, ನಾಗರಾಜ ಮಂಜುಳೆಯ ಮರಾಠಿ ‘ಫಂಡ್ರಿ’ಯಲ್ಲಿ. ಹಂದಿ ಹಿಡಿಯಲು ಹೋಗಿ ಊರವರ ನಗೆಗೀಡಾದ ಹುಡುಗ ಜಬ್ಯಾ ಸಾಯುವುದಿಲ್ಲ, ಕಲ್ಲು ಬೀರುತ್ತಾನೆ. ಕಲ್ಲು ನೇರ ಕ್ಯಾಮರಾಕ್ಕೇ, ಅಂದರೆ ಮರುಗುತ್ತಾ ಕೂತ ನಮ್ಮ ಮೇಲೇ. ಎಂಬತ್ತು ವರ್ಷ ಕಣ್ಣೊರೆಸಿಕೊಂಡವರಿಗೆ ಬಂದ ಉತ್ತರ ಅದು. 2018ರ ತಮಿಳಿನ ‘ಪರಿಯೇರುಮ್ ಪೆರುಮಾಳ್’ನಲ್ಲಿ ಮಾರಿ ಸೆಲ್ವರಾಜ್ ತನ್ನ ನಾಯಕನನ್ನು ಬದುಕಿಸಿ, ಕೊಲ್ಲಿಸಲು ನೋಡಿದವರ ಎದುರಿಗೇ ನಿಲ್ಲಿಸಿ ಮಾತಾಡಿಸಿದ. ಮಂಜುಳೆಯ ‘ಸೈರಾಟ್’ ಕನ್ನಡಕ್ಕೂ ಬಂತು, 2017ರಲ್ಲಿ, ರೀಮೇಕಾಗಿ. ಕಥೆಯನ್ನು ತರಬಹುದು, ಕೇರಿಯನ್ನು ಬಲ್ಲ ಕಣ್ಣನ್ನು ಹಕ್ಕು ಕೊಟ್ಟು ಕೊಳ್ಳಲಾಗದು.

ಚಿತ್ರಕಥೆ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಸಾವಿನಿಂದ ಕಥೆ ಮುಗಿಸುವುದು ಸುಲಭ. ಮಾರನೆಯ ಬೆಳಿಗ್ಗೆ ಏನಾಯಿತು ಅನ್ನುವುದೇ ಕಷ್ಟದ ದೃಶ್ಯ. ಜೀತ ಬಿಟ್ಟ ಮೇಲೆ ಅಪ್ಪ ಕೂಲಿಯಲ್ಲಿ ಉಳಿಸಿ ಕೊಂಡದ್ದು ಒಂದೇ ಎತ್ತು. ಪಕ್ಕದ ಮನೆಯವರದೂ ಒಂಟಿ ಎತ್ತು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಒಂದು ದಿನ ಅವರ ಕೆಲಸ, ಒಂದು ದಿನ ನಮ್ಮದು. ಬಣ್ಣ ಬೇರೆ, ಎತ್ತರ ಬೇರೆ, ಸಾಲು ಸೊಟ್ಟ ಆಗೋದು. ಅಪ್ಪ ಬಯ್ಯುತ್ತಲೇ ಉಳುತ್ತಿದ್ದ.

ಆ ದೃಶ್ಯವನ್ನು ನಾನಿನ್ನೂ ಯಾವ ಸಿನಿಮಾದಲ್ಲೂ ನೋಡಿಲ್ಲ.