ಹಗ್ಗದಿಂದ ಐದು ಮೀಟರಿನವರೆಗೆ

2013ರಲ್ಲಿ ಅಂಟಾರ್ಕ್ಟಿಕಾದ ಕೇಪ್ ಇವಾನ್ಸ್‌ನಲ್ಲಿ ಹಿಮ ಕರಗಿ ಒಂದು ಹಳೆಯ ನೋಟ್‌ಬುಕ್ ಮೇಲೆ ಬಂತು. ಕ್ಯಾಪ್ಟನ್ ಸ್ಕಾಟ್‌ನ ತಂಡ ನೂರು ವರ್ಷದ ಹಿಂದೆ ಕಟ್ಟಿಕೊಂಡಿದ್ದ ಮರದ ಮನೆಯ ಹೊರಗೇ ಅದು ಹೂತುಹೋಗಿತ್ತು. ಹೊಲಿಗೆ ಪೂರಾ ಬಿಟ್ಟುಹೋಗಿದ್ದರೂ ಪೆನ್ಸಿಲಿನ ಬರಹ ಓದುವಂತಿತ್ತು. ಯಾವ ದಿನ ಯಾವ ಚಿತ್ರ ತೆಗೆದದ್ದು, ಎಕ್ಸ್‌ಪೋಶರ್ ಎಷ್ಟು ಎಂದು ಸಾಲುಸಾಲಾಗಿ ಬರೆದಿಟ್ಟ ಲೆಕ್ಕ ಅದು. ಬರೆದವನು ಸ್ಕಾಟ್ ತಂಡದ ನೌಕಾಪಡೆಯ ವೈದ್ಯ ಜಾರ್ಜ್ ಮರ‍್ರೇ ಲೆವಿಕ್. 1911ರಲ್ಲಿ ಕೇಪ್ ಅಡೇರ್‌ನಲ್ಲಿ ತಂಗಿದ್ದ ಆರು ಜನರಲ್ಲಿ ಅವನೂ ಒಬ್ಬ. ಅಲ್ಲಿ ಭೂಮಿಯ ಮೇಲಿನ ಅತಿ ದೊಡ್ಡ ಅಡೇಲಿ ಪೆಂಗ್ವಿನ್ ಕಾಲೊನಿಗಳಲ್ಲಿ ಒಂದಿದೆ. ಒಂದಿಡೀ ಬೇಸಿಗೆ ಆ ಹಕ್ಕಿಗಳ ಸಂಸಾರವನ್ನು ಹತ್ತಿರದಿಂದ ನೋಡಿದ ಲೆವಿಕ್, 1914ರಲ್ಲಿ ಅವುಗಳ ಬಗ್ಗೆ ಪುಸ್ತಕ ಬರೆದ.

ಆ ಲೆಕ್ಕದ ಪುಸ್ತಕಕ್ಕೂ, ಇವತ್ತು ಉಶುವಾಯಾ ಬಂದರಿನಿಂದ ಡ್ರೇಕ್ ಜಲಸಂಧಿ ದಾಟಿ ಹೋಗುವ ಫೋಟೊಗ್ರಫಿ ಪ್ರವಾಸದ ಹಡಗುಗಳಿಗೂ ನೇರವಾದ ನಂಟಿದೆ. ಹಿಮದ ಬಿಳುಪು ಆಗಲೂ ಛಾಯಾಗ್ರಾಹಕನ ಲೆಕ್ಕ ತಪ್ಪಿಸುತ್ತಿತ್ತು, ಈಗಲೂ ತಪ್ಪಿಸುತ್ತದೆ. ಕ್ಯಾಮೆರಾದ ಮೀಟರನ್ನೇ ನಂಬಿದರೆ ಹಿಮ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಿ ಎಂದು ಹಡಗಿನ ಉಪನ್ಯಾಸದಲ್ಲಿ ಇಂದಿಗೂ ಹೇಳಿಕೊಡಬೇಕಾಗುತ್ತದೆ. ಲೆವಿಕ್ ಅದನ್ನೇ ಪೆನ್ಸಿಲ್ ಹಿಡಿದು, ಕೈ ಮರಗಟ್ಟುವ ಚಳಿಯಲ್ಲಿ ಕಲಿಯುತ್ತಿದ್ದ.

ಆದರೆ ಈ ನೂರಿಪ್ಪತ್ತು ವರ್ಷಗಳಲ್ಲಿ ನಿಜವಾಗಿ ಬದಲಾದದ್ದು ಲೆನ್ಸು, ಫಿಲ್ಮುಗಳಿಗಿಂತ ಹೆಚ್ಚಾಗಿ ಮನುಷ್ಯನಿಗೂ ಹಕ್ಕಿಗೂ ನಡುವಿನ ದೂರ.

ಮೊದಲು ಆ ದೂರ ಇರಲೇ ಇಲ್ಲ. 1898ರಲ್ಲಿ ಬೆಲ್ಜಿಕಾ ಹಡಗು ಮಂಜಿನಲ್ಲಿ ಸಿಕ್ಕಿಕೊಂಡು ಚಳಿಗಾಲವಿಡೀ ಅಲ್ಲೇ ನಿಂತಿತು. ಆ ಹಡಗಿನ ಛಾಯಾಗ್ರಾಹಕ ಫ್ರೆಡರಿಕ್ ಕುಕ್ ಅದರ ವೈದ್ಯನೂ ಆಗಿದ್ದ. ಸ್ಕರ್ವಿಯಿಂದ ಸೊರಗುತ್ತಿದ್ದ ನಾವಿಕರಿಗೆ ಪೆಂಗ್ವಿನ್ ಮತ್ತು ಸೀಲ್ ಮಾಂಸ ತಿನ್ನಿಸಿ ಜೀವ ಉಳಿಸಿದವನು ಅವನೇ. ಚಿತ್ರ ತೆಗೆದ ಹಕ್ಕಿ ಅದೇ ದಿನ ತಟ್ಟೆಗೆ ಬರಬಹುದಾಗಿದ್ದ ಕಾಲ ಅದು. 1904ರಲ್ಲಿ ವಿಲಿಯಂ ಸ್ಪೀರ್ಸ್ ಬ್ರೂಸ್‌ನ ಸ್ಕಾಟಿಷ್ ತಂಡ ತೆಗೆದ ಒಂದು ಚಿತ್ರ ತುಂಬ ಪ್ರಸಿದ್ಧ. ಗಿಲ್ಬರ್ಟ್ ಕೆರ್ ಎಂಬಾತ ಸ್ಕಾಟಿಷ್ ಉಡುಪಿನಲ್ಲಿ ಬ್ಯಾಗ್‌ಪೈಪ್ ನುಡಿಸುತ್ತಿದ್ದಾನೆ, ಪಕ್ಕದಲ್ಲೊಂದು ಎಂಪರರ್ ಪೆಂಗ್ವಿನ್ ನಿಂತು ಕೇಳುತ್ತಿದೆ. ಮೊದಲ ನೋಟಕ್ಕೆ ಇಬ್ಬರು ಸ್ನೇಹಿತರಂತೆ ಕಾಣುತ್ತಾರೆ. ನಿಜಕ್ಕೂ ಆ ಹಕ್ಕಿ ಅಲ್ಲಿ ನಿಂತದ್ದು ಸಂಗೀತಕ್ಕೆ ಮನಸೋತು ಅಲ್ಲ. ಓಡಿಹೋಗದಂತೆ ಅದನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಿದ್ದರು.

ಕಟ್ಟಿ ನಿಲ್ಲಿಸುವುದನ್ನು ಬಿಟ್ಟು ಕಾಯುವುದನ್ನು ಕಲಿಸಿದವರ ಸಾಲಿನಲ್ಲಿ ಮೊದಲಿಗೆ ಹೇಳಬೇಕಾದ ಹೆಸರು ಹರ್ಬರ್ಟ್ ಪಾಂಟಿಂಗ್. 1870ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪಾಂಟಿಂಗ್ ಬ್ಯಾಂಕಿನ ಕೆಲಸ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದ, ಅಲ್ಲಿಂದ ಕ್ಯಾಮೆರಾ ಹಿಡಿದು ಜಪಾನನ್ನೂ ಏಷ್ಯಾದ ಹಲವು ದೇಶಗಳನ್ನೂ ಸುತ್ತಿದ. 1910ರಲ್ಲಿ ಸ್ಕಾಟ್‌ನ ಟೆರಾ ನೋವಾ ಹಡಗು ಹತ್ತುವಾಗ ತನ್ನನ್ನು ಫೋಟೊಗ್ರಾಫರ್ ಎನ್ನದೆ ಕ್ಯಾಮೆರಾ ಕಲಾವಿದ ಎಂದು ಕರೆದುಕೊಂಡ. ಕೇಪ್ ಇವಾನ್ಸ್ ಮನೆಯೊಳಗೆ ಅವನಿಗೆಂದೇ ಒಂದು ಡಾರ್ಕ್‌ರೂಂ ಇತ್ತು. ಅವನು ಮಲಗುತ್ತಿದ್ದದ್ದೂ ಅಲ್ಲಿಯೇ. ಹೊರಗಿನ ಚಳಿಯಿಂದ ಕ್ಯಾಮೆರಾವನ್ನು ನೇರ ಒಳಗೆ ತಂದರೆ ಲೋಹದ ಮೇಲೂ ಗಾಜಿನ ಮೇಲೂ ತೇವ ಕೂತು ಹೆಪ್ಪುಗಟ್ಟುತ್ತದೆ ಎಂಬುದು ಅವನಿಗೆ ಬೇಗನೆ ಅರ್ಥವಾಯಿತು. ಹಾಗಾಗಿ ಸಲಕರಣೆಗಳನ್ನು ಹೊರಗೆ ತಂಪಿನಲ್ಲೇ ಇಡುವುದನ್ನು ರೂಢಿ ಮಾಡಿಕೊಂಡ. ಇಂದು ಝೋಡಿಯಾಕ್ ದೋಣಿಯಿಂದ ಹಡಗಿನ ಬೆಚ್ಚನೆಯ ಕೋಣೆಗೆ ಮರಳುವ ಯಾತ್ರಿಕನಿಗೆ, ಕ್ಯಾಮೆರಾವನ್ನು ಚೀಲದಿಂದ ತಕ್ಷಣ ತೆಗೆಯಬೇಡಿ ಎಂದು ಹೇಳುವುದೂ ಇದೇ ಕಾರಣಕ್ಕೆ.

ಅವನ ಧೈರ್ಯಕ್ಕೆ ಸಾಕ್ಷಿಯಾಗಿ ಒಂದು ಘಟನೆ ಸಾಕು. 1911ರ ಜನವರಿಯಲ್ಲಿ ಹಡಗಿನಿಂದ ಸಾಮಾನು ಇಳಿಸುತ್ತಿದ್ದಾಗ ಮಂಜಿನ ಅಂಚಿನಲ್ಲಿ ಓರ್ಕಾ ತಿಮಿಂಗಿಲಗಳು ಕಾಣಿಸಿದವು. ಕ್ಯಾಮೆರಾ ಹೊತ್ತು ಪಾಂಟಿಂಗ್ ಓಡಿದ. ಎಂಟು ಓರ್ಕಾಗಳು ಅವನು ನಿಂತಿದ್ದ ಮಂಜನ್ನೇ ಅಡಿಯಿಂದ ಗುದ್ದಿ ಒಡೆದವು. ಒಂದು ತುಂಡಿನಿಂದ ಇನ್ನೊಂದಕ್ಕೆ ನೆಗೆಯುತ್ತಾ ಹೇಗೋ ಗಟ್ಟಿ ಮಂಜಿಗೆ ಬಂದು ತಲುಪಿದ. ಕ್ಯಾಮೆರಾವನ್ನು ಮಾತ್ರ ಕೈಬಿಡಲಿಲ್ಲ.

ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಅವನು ಕೇಪ್ ರಾಯ್ಡ್ಸ್‌ನಲ್ಲಿ ಕಳೆದ ದಿನಗಳು. ಶ್ಯಾಕಲ್‌ಟನ್ 1908ರಲ್ಲಿ ಕಟ್ಟಿಸಿದ್ದ ಮನೆ ಅಲ್ಲಿ ಖಾಲಿ ಇತ್ತು, ಎದುರಿಗೇ ಅಡೇಲಿ ಕಾಲೊನಿ. ಪಾಂಟಿಂಗ್ ಅಲ್ಲಿ ಉಳಿದು, ಹಕ್ಕಿಗಳು ಕಲ್ಲು ಹೊತ್ತು ತಂದು ಗೂಡು ಕಟ್ಟುವುದನ್ನು, ಮೊಟ್ಟೆಗೆ ಕಾವು ಕೊಡುವುದನ್ನು, ಸ್ಕುವಾ ಹಕ್ಕಿಗಳು ಬಂದು ಮೊಟ್ಟೆ ಕದಿಯುವುದನ್ನು ಚಲನಚಿತ್ರಕ್ಕೆ ಹಿಡಿದ. ಹಕ್ಕಿ ತನ್ನ ಪಾಡಿಗೆ ತಾನು ಬದುಕುವುದನ್ನು ತೋರಿಸುವ ಚಿತ್ರಗಳು ಅವು. ಸ್ಕಾಟ್ ಮತ್ತು ಅವನ ನಾಲ್ವರು ಜೊತೆಗಾರರು ಧ್ರುವದಿಂದ ಮರಳುವಾಗ ಸತ್ತ ಸುದ್ದಿ 1913ರಲ್ಲಿ ಜಗತ್ತಿಗೆ ತಲುಪಿತು. ಮರುವರ್ಷ ಲಂಡನ್ನಿನ ಫಿಲ್‌ಹಾರ್ಮೋನಿಕ್ ಸಭಾಂಗಣದಲ್ಲಿ ಪಾಂಟಿಂಗ್ ತನ್ನ ಚಿತ್ರಗಳನ್ನು ತೋರಿಸುತ್ತಾ ಉಪನ್ಯಾಸ ಕೊಡತೊಡಗಿದ. ಸತ್ತವರಿಗಾಗಿ ಕಣ್ಣೀರಿಟ್ಟ ಜನ ಅದೇ ಸಂಜೆ ಅಡೇಲಿಗಳ ಓಡಾಟ ನೋಡಿ ಮುಖ ಅರಳಿಸುತ್ತಿದ್ದರು. ಪೆಂಗ್ವಿನ್ ಗೊಂಬೆಗಳೂ ಮಾರಾಟಕ್ಕೆ ಬಂದವು. ದಕ್ಷಿಣ ಧ್ರುವದ ಹಕ್ಕಿಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ಸಾಮಾನ್ಯ ಜನರಲ್ಲಿ ಮೊಳೆತದ್ದು ಇಂಥ ಸಭಾಂಗಣಗಳಲ್ಲಿ. 1924ರಲ್ಲಿ ‘ದಿ ಗ್ರೇಟ್ ವೈಟ್ ಸೈಲೆನ್ಸ್’ ಹೆಸರಿನಲ್ಲಿ ಆ ದೃಶ್ಯಗಳು ಪೂರ್ಣ ಚಿತ್ರವಾದವು.

ಆ ಆಸೆಯನ್ನು ಇನ್ನಷ್ಟು ಬೆಳೆಸಿದವನು ಆಸ್ಟ್ರೇಲಿಯಾದ ಫ್ರ್ಯಾಂಕ್ ಹರ್ಲಿ. ಶ್ಯಾಕಲ್‌ಟನ್‌ನ ತಂಡದಲ್ಲಿ ಅವನು ಹೋಗಿದ್ದ ಹಡಗು ಎಂಡ್ಯೂರೆನ್ಸ್ 1915ರಲ್ಲಿ ಮಂಜಿನ ಹಿಡಿತಕ್ಕೆ ಸಿಕ್ಕಿ ನುಚ್ಚುನೂರಾಯಿತು. ಮುಳುಗುತ್ತಿದ್ದ ಹಡಗಿನ ತಣ್ಣೀರಿಗಿಳಿದು ಗಾಜಿನ ನೆಗೆಟಿವ್‌ಗಳನ್ನು ಮೇಲೆತ್ತಿದ ಹರ್ಲಿ, ಶ್ಯಾಕಲ್‌ಟನ್ ಜೊತೆ ಮಂಜಿನ ಮೇಲೆ ಕೂತು ಒಂದೊಂದನ್ನೇ ಆರಿಸಿದ. ಸುಮಾರು 120ನ್ನು ಉಳಿಸಿಕೊಂಡು, ಮಿಕ್ಕ 400ರಷ್ಟನ್ನು, ಮತ್ತೆ ಮನಸ್ಸು ಬದಲಾಗದಿರಲೆಂದು, ಅಲ್ಲೇ ಒಡೆದುಹಾಕಿದರು. ಮುಂದೆ ಎಲಿಫೆಂಟ್ ದ್ವೀಪದಲ್ಲಿ ಆ ತಂಡದ 22 ಜನ ನಾಲ್ಕೂವರೆ ತಿಂಗಳು ಬದುಕಿದ್ದು ಸೀಲ್ ಮತ್ತು ಪೆಂಗ್ವಿನ್ ಮಾಂಸದ ಮೇಲೆ. ಹರ್ಲಿಯ ಕೈಯಲ್ಲಿ ಆಗ ಇದ್ದದ್ದು ಒಂದು ಪುಟ್ಟ ಕೊಡಕ್ ಮತ್ತು ಮೂರು ರೋಲ್ ಫಿಲ್ಮು.

ಹರ್ಲಿ 1917ರಲ್ಲಿ ಮಾಡಿದ ಇನ್ನೊಂದು ಪ್ರಯಾಣ ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ಎಂಡ್ಯೂರೆನ್ಸ್ ಯಾತ್ರೆಯ ಸಿನಿಮಾಕ್ಕೆ ಪ್ರಾಣಿ ಪಕ್ಷಿಗಳ ದೃಶ್ಯ ಸಾಲದಾಗಿತ್ತು. ಅದನ್ನು ತುಂಬಲು ಹರ್ಲಿ ಮತ್ತೆ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ಹೋಗಿ ಪೆಂಗ್ವಿನ್, ಸೀಲ್‌ಗಳನ್ನು ಚಿತ್ರಿಸಿಕೊಂಡು ಬಂದ. ನೆಲ ಹುಡುಕುವುದಕ್ಕಲ್ಲ, ಧ್ರುವ ಮುಟ್ಟುವುದಕ್ಕಲ್ಲ, ಬರೀ ಚಿತ್ರಕ್ಕಾಗಿ ಹೋದ ಪ್ರಯಾಣ ಅದು. ಇಂದಿನ ಫೋಟೊಗ್ರಫಿ ಯಾನಗಳ ವಂಶವೃಕ್ಷ ಬರೆದರೆ ಆ ಪ್ರಯಾಣವನ್ನು ಬೇರಿನಲ್ಲೇ ಇಡಬೇಕು. ಇಂದು ಅದೇ ದ್ವೀಪದ ಸೇಂಟ್ ಆಂಡ್ರ್ಯೂಸ್ ಕೊಲ್ಲಿಯ ಕಿಂಗ್ ಪೆಂಗ್ವಿನ್ ಕಾಲೊನಿ ಛಾಯಾಗ್ರಾಹಕರ ಹಡಗುಗಳ ಮುಖ್ಯ ಗುರಿಗಳಲ್ಲೊಂದು.

ಅದೇ ಕಾಲದಲ್ಲಿ ಮಕ್ವಾರಿ ದ್ವೀಪದಲ್ಲಿ ನಡೆಯುತ್ತಿದ್ದುದನ್ನು ಇಲ್ಲಿ ಹೇಳಲೇಬೇಕು. ನ್ಯೂಜಿಲೆಂಡಿನ ವ್ಯಾಪಾರಿ ಜೋಸೆಫ್ ಹ್ಯಾಚ್‌ನ ಕೆಲಸಗಾರರು ಅಲ್ಲಿ ಪೆಂಗ್ವಿನ್‌ಗಳನ್ನು ಕೊಂದು, ಉಗಿಯ ಹಂಡೆಗಳಲ್ಲಿ ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ಈ ದಂಧೆ ಸುಮಾರು 1890ರಿಂದ ಮೂರು ದಶಕ ನಡೆಯಿತು. ಹರ್ಲಿ ಆ ದ್ವೀಪದ ಹಕ್ಕಿಗಳನ್ನು ಚಿತ್ರಿಸಿದ್ದ. ಎಂಡ್ಯೂರೆನ್ಸ್‌ಗೂ ಮೊದಲಿನ ಅವನ ತಂಡದ ನಾಯಕನಾಗಿದ್ದ ಡಗ್ಲಸ್ ಮಾಸನ್, ಸ್ಕಾಟ್ ತಂಡದ ಆಪ್ಸ್ಲಿ ಚೆರ‍್ರಿ-ಗ್ಯಾರಾರ್ಡ್ ಈ ಕೊಲೆಯ ವಿರುದ್ಧ ದನಿ ಎತ್ತಿದರು. 1919ರ ಹೊತ್ತಿಗೆ ಪರವಾನಗಿ ನಿಂತಿತು. 1933ರಲ್ಲಿ ದ್ವೀಪ ವನ್ಯಜೀವಿ ಧಾಮವಾಯಿತು, 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ತುಕ್ಕು ಹಿಡಿದ ಹಂಡೆಗಳು ಇನ್ನೂ ಅಲ್ಲಿವೆ. ಅವುಗಳ ಸುತ್ತ ಪೆಂಗ್ವಿನ್‌ಗಳು ಓಡಾಡಿಕೊಂಡಿವೆ. ಪೆಂಗ್ವಿನ್‌ನಿಂದ ಹಣ ಮಾಡಲು ಎಣ್ಣೆ ಒಂದೇ ದಾರಿಯಾಗಿದ್ದ ದಿನಗಳಲ್ಲಿ, ಚಿತ್ರವೂ ಬೆಲೆಬಾಳುತ್ತದೆ ಎಂದು ತೋರಿಸಿದ್ದು ಕ್ಯಾಮೆರಾದ ದೊಡ್ಡ ಉಪಕಾರ.

ಎರಡನೆಯ ಮಹಾಯುದ್ಧ ಮುಗಿದ ಕೂಡಲೇ, 1946-47ರಲ್ಲಿ, ನಿಯಾಲ್ ರ‍್ಯಾಂಕಿನ್ ಎಂಬ ಬ್ರಿಟಿಷ್ ಛಾಯಾಗ್ರಾಹಕ ಹಳೆಯ ರಕ್ಷಣಾ ದೋಣಿಯೊಂದನ್ನು ಸಜ್ಜುಗೊಳಿಸಿ ದಕ್ಷಿಣ ಜಾರ್ಜಿಯಾದ ತೀರಗಳನ್ನು ಸುತ್ತಿದ. 1958ರಲ್ಲಿ ಅರ್ಜೆಂಟೀನಾದ ಹಡಗು ಪ್ರವಾಸಿಗರನ್ನು ಅಂಟಾರ್ಕ್ಟಿಕ ಪರ್ಯಾಯ ದ್ವೀಪಕ್ಕೆ ಕರೆದೊಯ್ದಿತು. ಆದರೆ ಮಾರ್ಗದರ್ಶಕನ ಜೊತೆ ಹೋಗಿ ನೋಡುವ ಪದ್ಧತಿ ಗಟ್ಟಿಯಾಗಿ ನೆಲೆಗೊಂಡದ್ದು ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್‌ನಿಂದ. ಸ್ವೀಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಪ್ರವಾಸ ಸಂಸ್ಥೆ ನಡೆಸುತ್ತಿದ್ದ ಲಿಂಡ್‌ಬ್ಲಾಡ್ 1966ರಲ್ಲಿ ಅರ್ಜೆಂಟೀನಾ ನೌಕಾಪಡೆಯ ಹಡಗನ್ನು ಬಾಡಿಗೆಗೆ ಹಿಡಿದು ಜನರನ್ನು ದಕ್ಷಿಣಕ್ಕೆ ಕರೆದೊಯ್ದ. 1969ರಲ್ಲಿ ಫಿನ್ಲೆಂಡಿನಲ್ಲಿ ಕಟ್ಟಿಸಿದ ಕೆಂಪು ಹಡಗು ‘ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್’ ಇಂಥ ಪ್ರವಾಸಕ್ಕೆಂದೇ ತಯಾರಾದದ್ದು. ದಡಕ್ಕೆ ಹೋಗಲು ರಬ್ಬರಿನ ಝೋಡಿಯಾಕ್ ದೋಣಿ, ಸಂಜೆ ಉಪನ್ಯಾಸ, ಜೊತೆಗೆ ಪಕ್ಷಿತಜ್ಞರು, ಭೂವಿಜ್ಞಾನಿಗಳು ಎಂಬ ಕ್ರಮ ಆಗ ರೂಪುಗೊಂಡಿತು. ಇಂದಿಗೂ ಹೆಚ್ಚು ಬದಲಾಗಿಲ್ಲ.

ಆ ಹಡಗಿನಲ್ಲಿ ಮಾರ್ಗದರ್ಶಕರಾಗಿ ಹೋದವರಲ್ಲಿ ಇಬ್ಬರನ್ನು ಹೆಸರಿಸಬೇಕು. ಒಬ್ಬರು ಪಕ್ಷಿ ಗುರುತಿಸುವ ಕೈಪಿಡಿಗಳಿಂದ ಖ್ಯಾತರಾದ ಅಮೆರಿಕದ ರೋಜರ್ ಟೋರಿ ಪೀಟರ್ಸನ್. ಪೆಂಗ್ವಿನ್‌ಗಳ ಮೇಲೆ 1979ರಲ್ಲಿ ಅವರ ಒಂದಿಡೀ ಪುಸ್ತಕ ಬಂತು. ಇನ್ನೊಬ್ಬರು ಪೀಟರ್ ಸ್ಕಾಟ್. ಧ್ರುವದ ದಾರಿಯಲ್ಲಿ ಸಾಯುತ್ತಿದ್ದ ಕ್ಯಾಪ್ಟನ್ ಸ್ಕಾಟ್ ಹೆಂಡತಿಗೆ ಬರೆದ ಕೊನೆಯ ಪತ್ರದಲ್ಲಿ, ಸಾಧ್ಯವಾದರೆ ಮಗನಿಗೆ ಪ್ರಕೃತಿಯ ಜೀವಿಗಳಲ್ಲಿ ಆಸಕ್ತಿ ಹುಟ್ಟಿಸು ಎಂದು ಕೇಳಿಕೊಂಡಿದ್ದ. ಆ ಮಗ ಪಕ್ಷಿ ಚಿತ್ರಕಾರನಾಗಿ, ಸಂರಕ್ಷಣೆಯ ಮುಂದಾಳಾಗಿ ಬೆಳೆದು, ತಂದೆ ತೀರಿಕೊಂಡ ಖಂಡದ ಹಕ್ಕಿಗಳನ್ನು ಪ್ರವಾಸಿಗರಿಗೆ ತೋರಿಸಿಕೊಟ್ಟರು.

ಅಪಾಯ ಮಾತ್ರ ದೂರವಾಗಲಿಲ್ಲ. 1972ರಲ್ಲಿ ಎಕ್ಸ್‌ಪ್ಲೋರರ್ ಕಿಂಗ್ ಜಾರ್ಜ್ ದ್ವೀಪದ ಬಳಿ ಬಂಡೆಗೆ ಸಿಕ್ಕಿಕೊಂಡಿತು, ಚಿಲಿಯ ನೌಕಾಪಡೆ ಪ್ರಯಾಣಿಕರನ್ನು ಪಾರುಮಾಡಿತು. 2007ರ ನವೆಂಬರ್ 23ರಂದು ಮಂಜಿಗೆ ತಾಗಿ ಅದೇ ಹಡಗು ಮುಳುಗಿಹೋಯಿತು. 154 ಜನರೂ ಬದುಕಿದರು. ಒಂಟಿಯಾಗಿ ಹೋದವರಿಗೆ ಅಷ್ಟು ಅದೃಷ್ಟ ಇರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಛಾಯಾಗ್ರಾಹಕ ಬ್ರೂನೋ ಝೆಂಡರ್ ಪೆಂಗ್ವಿನ್ ಎಂಬುದನ್ನು ತನ್ನ ಹೆಸರಿಗೇ ಸೇರಿಸಿಕೊಂಡವನು. ಎಂಪರರ್ ಪೆಂಗ್ವಿನ್‌ಗಳು ಮರಿ ಮಾಡುವುದು ಕಡುಚಳಿಗಾಲದಲ್ಲಿ, ಕತ್ತಲಲ್ಲಿ, ಮಂಜಿನ ಮೇಲೆ. ಅದನ್ನು ಚಿತ್ರಿಸಲು ರಷ್ಯಾದ ಮಿರ್ನಿ ನೆಲೆಯಲ್ಲಿ ಉಳಿದಿದ್ದ ಅವನು 1997ರ ಜುಲೈನಲ್ಲಿ ಹಿಮಗಾಳಿಗೆ ಸಿಕ್ಕಿ ನೆಲೆಯ ಹತ್ತಿರದಲ್ಲೇ ತೀರಿಕೊಂಡ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಮಂಜಿಗೆ ಒಗ್ಗಿದ ಸಂಶೋಧನಾ ಹಡಗುಗಳು ಬಾಡಿಗೆಗೆ ಸಿಗತೊಡಗಿದವು. ಅಕಾಡೆಮಿಕ್ ಇಯೊಫೆ, ಅಕಾಡೆಮಿಕ್ ಸೆರ್ಗೇ ವಾವಿಲೊವ್‌ನಂಥ ಹೆಸರುಗಳು ಛಾಯಾಗ್ರಾಹಕರ ಬಾಯಲ್ಲಿ ನಲಿದಾಡಿದವು. ಕಪಿತಾನ್ ಖ್ಲೆಬ್ನಿಕೊವ್ ಎಂಬ ಐಸ್‌ಬ್ರೇಕರ್ 2000ರ ದಶಕದಲ್ಲಿ ವೆಡೆಲ್ ಸಮುದ್ರದ ಸ್ನೋ ಹಿಲ್ ದ್ವೀಪದವರೆಗೂ ಹೋಗಿ, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಜನರನ್ನು ಎಂಪರರ್ ಕಾಲೊನಿಯ ಕಡೆಗೆ ಒಯ್ದಿತು. ಹೆಲಿಕಾಪ್ಟರ್ ದೂರದಲ್ಲೇ ಇಳಿಯುತ್ತಿತ್ತು, ಉಳಿದ ದಾರಿ ನಡಿಗೆ.

ಜನ ಹೆಚ್ಚಿದಂತೆ ನಿಯಮವೂ ಬೇಕಾಯಿತು. 1991ರಲ್ಲಿ ಏಳು ಪ್ರವಾಸ ಸಂಸ್ಥೆಗಳು ಸೇರಿ ಐಎಎಟಿಒ ಎಂಬ ಒಕ್ಕೂಟ ಕಟ್ಟಿಕೊಂಡವು. ಪೆಂಗ್ವಿನ್‌ನಿಂದ ಕನಿಷ್ಠ ಐದು ಮೀಟರ್ ದೂರ, ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಪ್ರಯಾಣಿಕರಿಲ್ಲ, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರೂ ಇಳಿಯುವಂತಿಲ್ಲ, ಪೆಂಗ್ವಿನ್‌ಗಳು ನಡೆದು ಸವೆದ ಹಿಮದ ದಾರಿಗೆ ಅಡ್ಡ ನಿಲ್ಲುವಂತಿಲ್ಲ. ಬ್ಯಾಗ್‌ಪೈಪ್‌ನವನ ಹಗ್ಗಕ್ಕೆ ಸಿಕ್ಕ ಉತ್ತರ ಈ ಐದು ಮೀಟರ್. ಹಕ್ಕಿ ತಾನಾಗಿ ಹತ್ತಿರ ಬಂದರೆ ಅದು ಅದರ ಇಷ್ಟ, ಮನುಷ್ಯ ಅಲುಗಾಡದೆ ನಿಲ್ಲಬೇಕು. ಒಳ್ಳೆಯ ಮಾರ್ಗದರ್ಶಕನಿಗೆ ಎಷ್ಟು ದೂರ ಬೇಕೆಂಬುದು ಅಳತೆಗಿಂತ ಹಕ್ಕಿಯ ಕತ್ತು, ರೆಕ್ಕೆಗಳ ಚಲನೆಯಿಂದಲೇ ತಿಳಿಯುತ್ತದೆ. ಕ್ಯಾಮೆರಾ ಹೇಳಿಕೊಡುವುದಕ್ಕಿಂತ ಆ ಓದನ್ನು ಕಲಿಸುವುದೇ ಅವನ ದೊಡ್ಡ ವಿದ್ಯೆ ಎಂದು ನನ್ನ ನಂಬಿಕೆ.

ಒಕ್ಕೂಟ ಹುಟ್ಟಿದಾಗ ವರ್ಷಕ್ಕೆ ಹೋಗುತ್ತಿದ್ದವರು ಕೆಲವೇ ಸಾವಿರ. 2022-23ರ ಋತುವಿನಲ್ಲಿ ಆ ಸಂಖ್ಯೆ ಒಂದು ಲಕ್ಷ ದಾಟಿತು. ಇದು ಚಿಂತೆಯ ಸಂಗತಿಯೇ. ಪೋರ್ಟ್ ಲಾಕ್‌ರಾಯ್‌ನ ಪುಟ್ಟ ದ್ವೀಪದಲ್ಲಿ ಜೆಂಟೂ ಕಾಲೊನಿಯ ಒಂದು ಭಾಗವನ್ನು ಪ್ರವಾಸಿಗರಿಗೆ ಮುಚ್ಚಿ, ಜನ ಓಡಾಡುವ ಭಾಗದ ಜೊತೆ ಹೋಲಿಸಿ ನೋಡುವ ಅಧ್ಯಯನ ನಡೆದಿರುವುದು ಈ ಚಿಂತೆಯಿಂದಲೇ. ಅದೇ ಹಡಗುಗಳಿಂದ ವಿಜ್ಞಾನಕ್ಕೆ ನೆರವೂ ಆಗಿದೆ. 1994ರಿಂದ ಓಶನೈಟ್ಸ್ ಸಂಸ್ಥೆಯವರು ಪ್ರವಾಸಿ ಹಡಗುಗಳಲ್ಲೇ ಹೋಗಿ ಗೂಡುಗಳನ್ನು ಎಣಿಸುತ್ತಿದ್ದಾರೆ. ಪರ್ಯಾಯ ದ್ವೀಪದ ಪಶ್ಚಿಮ ತೀರ ಬೆಚ್ಚಗಾಗುತ್ತಿದ್ದಂತೆ ಜೆಂಟೂಗಳು ಹೆಚ್ಚುತ್ತಿವೆ, ಅಡೇಲಿ ಮತ್ತು ಚಿನ್‌ಸ್ಟ್ರ್ಯಾಪ್‌ಗಳು ಕಡಿಮೆಯಾಗುತ್ತಿವೆ ಎಂಬ ಚಿತ್ರ ಸ್ಪಷ್ಟವಾಗಲು ಇಂಥ ಎಣಿಕೆಗಳೂ ಕಾರಣ.

ಈಚೆಗೆ ಹಕ್ಕಿಜ್ವರ ಈ ಕಸುಬಿನ ಭಂಗಿಯನ್ನೇ ಬದಲಿಸಿದೆ. 2023ರ ಅಕ್ಟೋಬರಿನಲ್ಲಿ ಸೋಂಕು ದಕ್ಷಿಣ ಜಾರ್ಜಿಯಾ ತಲುಪಿತು, 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕ ಖಂಡದ ಸ್ಕುವಾಗಳಲ್ಲೂ ದೃಢಪಟ್ಟಿತು. ಹೊಟ್ಟೆಯ ಮೇಲೆ ಮಲಗಿ, ಪೆಂಗ್ವಿನ್‌ನ ಕಣ್ಣಿನ ಮಟ್ಟಕ್ಕೆ ಲೆನ್ಸ್ ಇಳಿಸಿ ತೆಗೆಯುವುದು ದಶಕಗಳ ಕಾಲ ಛಾಯಾಗ್ರಾಹಕರ ಅಚ್ಚುಮೆಚ್ಚಿನ ರೀತಿಯಾಗಿತ್ತು. ಈಗ ದಡದಲ್ಲಿ ಮಲಗುವಂತಿಲ್ಲ, ಮಂಡಿಯೂರುವಂತಿಲ್ಲ, ಚೀಲವನ್ನೂ ನೆಲಕ್ಕೆ ತಾಗಿಸುವಂತಿಲ್ಲ. ಇಳಿಯುವ ಮುನ್ನ ಬೂಟುಗಳನ್ನು ಸೋಂಕುನಾಶಕದಲ್ಲಿ ತೊಳೆಯಬೇಕು. ಮಾರ್ಗದರ್ಶಕರು ಮೊದಲು ದಡಕ್ಕೆ ಹೋಗಿ, ಸತ್ತ ಅಥವಾ ತೂರಾಡುವ ಹಕ್ಕಿಗಳಿವೆಯೇ ಎಂದು ನೋಡುತ್ತಾರೆ. ಅನುಮಾನ ಬಂದರೆ ಆ ಜಾಗದಲ್ಲಿ ಇಳಿಯುವುದು ರದ್ದು. ಚಿತ್ರ ಬೇಕಿದ್ದರೆ ದಡದಿಂದಾಚೆ ನಿಂತ ಝೋಡಿಯಾಕ್‌ನಿಂದಲೇ ತೆಗೆಯಬೇಕು.