ಡಿಜಿಟಲ್ ಮೌಲ್ಯಮಾಪನ ಮತ್ತು ವಿಮರ್ಶಾತ್ಮಕ ಚಿಂತನೆ

ವಿದ್ಯಾರ್ಥಿಯ ಕಲಿಕೆಯನ್ನು ಕಂಪ್ಯೂಟರ್ ನೆರವಿನಿಂದ ಅಳೆಯುವ ಕ್ರಮವೇ ಡಿಜಿಟಲ್ ಮೌಲ್ಯಮಾಪನ. ಅಂಕ, ಫಲಿತಾಂಶಗಳ ಲೆಕ್ಕ ಇಡುವುದು ಇದರ ಒಂದು ಕೆಲಸ; ವಿದ್ಯಾರ್ಥಿ ಹೇಗೆ ಯೋಚಿಸಿದ ಎಂದು ತಿಳಿಯುವುದು ಇನ್ನೊಂದು. ಕರ್ನಾಟಕದ ಉನ್ನತ ಶಿಕ್ಷಣದಲ್ಲಿ ಮೊದಲನೆಯದು ಬೇಗ ಬೇರೂರಿತು. ಎರಡನೆಯದು ಇನ್ನೂ ಕುಂಟುತ್ತಿದೆ.

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1987ರಲ್ಲಿ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಗಳನ್ನು ನಿರ್ವಹಿಸುವ ಯುಯುಸಿಎಂಎಸ್ ಜಾಲತಾಣ ಬಂದಮೇಲೆ ಅದರ ಪದವಿ ವಿದ್ಯಾರ್ಥಿಗಳು ಫಲಿತಾಂಶವನ್ನು ಮೊಬೈಲಿನಲ್ಲೇ ನೋಡುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಬಹುಪಾಲು ಪೆನ್ನು-ಹಾಳೆಯದ್ದೇ ಕಾರುಬಾರು.

ಶಿವಮೊಗ್ಗದ ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಮೌಲ್ಯಮಾಪಕರು ಪರದೆಯ ಮೇಲೆ ಓದಿ ಅಂಕ ಕೊಡುತ್ತಾರೆ. ಕೂಡುವ ಕೆಲಸ ಕಂಪ್ಯೂಟರಿನದ್ದಾದ್ದರಿಂದ ಮೊತ್ತದ ತಪ್ಪುಗಳಿಗೆ ಎಡೆಯಿಲ್ಲ. ವಿಟಿಯುವಿನ 2022ರ ಸ್ಕೀಮಿನ (ಪಠ್ಯಕ್ರಮದ) ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಪ್ರಶ್ನೆಯ ಬಲಗಡೆ ಅಂಕದ ಪಕ್ಕದಲ್ಲೇ ಎಲ್1, ಎಲ್2, ಎಲ್3 ಎಂಬ ಗುರುತುಗಳಿರುತ್ತವೆ. ಇವು ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ರೂಪಿಸಿದ, 2001ರಲ್ಲಿ ಪರಿಷ್ಕರಣೆಗೊಂಡ ಕಲಿಕೆಯ ಹಂತಗಳು: ನೆನಪಿನಿಂದ ಆರಂಭವಾಗಿ ವಿಶ್ಲೇಷಣೆ, ವಿಮರ್ಶೆ ದಾಟಿ ಸೃಷ್ಟಿಯವರೆಗೆ. ಆದರೆ ಎಲ್4, ಅಂದರೆ ವಿಶ್ಲೇಷಣೆ, ಎಂದು ಮುದ್ರಿಸಿದ ಪ್ರಶ್ನೆಗೆ ಗೈಡಿನಲ್ಲಿ ಸಿದ್ಧ ಉತ್ತರವಿದ್ದರೆ ಅದು ಬಾಯಿಪಾಠದ ಪ್ರಶ್ನೆಯೇ.

ಬಾಯಿಪಾಠದ ಪ್ರಶ್ನೆಗೂ ಯೋಚನೆಯ ಪ್ರಶ್ನೆಗೂ ಇರುವ ವ್ಯತ್ಯಾಸಕ್ಕೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೇ ನೋಡಿ. ಉತ್ಪಾದನೆ ಯಾವಾಗ ಆರಂಭವಾಯಿತು ಎಂದರೆ 1923 ಎಂದು ಬರೆದು ಕೈತೊಳೆದುಕೊಳ್ಳಬಹುದು. ಅದೇ ಕೆಮ್ಮಣ್ಣುಗುಂಡಿಯ ಅದಿರು, ಕುಲುಮೆಗೆ ಬೇಕಾದ ಮರದ ಇದ್ದಿಲು, ಸಾಗಣೆ ವೆಚ್ಚ ಇವನ್ನೆಲ್ಲ ಪರದೆಯಲ್ಲಿ ಕೊಟ್ಟು, ಕಲ್ಲಿದ್ದಲಿಲ್ಲದ ಊರಿನಲ್ಲಿ ಕಾರ್ಖಾನೆ ಕಟ್ಟಿದ್ದು ಸರಿಯೇ ಎಂದು ಕೇಳಿದರೆ ತೂಗಿ ನೋಡಲೇಬೇಕು. ಉತ್ತರ ಸಲ್ಲಿಸಿದ ಮೇಲೆ ಇದ್ದಿಲಿಗಾಗಿ ಕಾಡು ಕಡಿದ ಲೆಕ್ಕವನ್ನು ತೋರಿಸಿ, ನಿಲುವು ಬದಲಿಸುವಿರಾ ಎಂದೂ ಕೇಳಬಹುದು. ಎರಡೂ ಉತ್ತರಗಳು ಅಧ್ಯಾಪಕರ ಮುಂದಿರುತ್ತವೆ. ಹಾಳೆಯ ಪರೀಕ್ಷೆಯಲ್ಲಿ ಇದು ಸುಲಭವಲ್ಲ.

ಬಹು ಆಯ್ಕೆಯ ಪ್ರಶ್ನೆಗಳನ್ನೂ ತಳ್ಳಿಹಾಕಬೇಕಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೆಳೆದ, ಉಚಿತ ಕಲಿಕಾ ತಂತ್ರಾಂಶ ಮೂಡಲ್‌ನಲ್ಲೂ ಇರುವ ಒಂದು ವಿಧಾನದಲ್ಲಿ ಉತ್ತರದ ಜೊತೆಗೆ ತನಗೆಷ್ಟು ಖಾತ್ರಿ ಎಂಬುದನ್ನೂ ವಿದ್ಯಾರ್ಥಿ ಗುರುತಿಸಬೇಕು. ಉತ್ತರ ಸರಿಯಿದ್ದರೆ ಖಾತ್ರಿಗೆ ತಕ್ಕಂತೆ 1, 2 ಅಥವಾ 3 ಅಂಕ. ತಪ್ಪಾದರೆ 0, ಇಲ್ಲವೇ 2 ಅಥವಾ 6 ಅಂಕ ಕಡಿತ. ಊಹೆಗೂ ತಿಳಿವಳಿಕೆಗೂ ಇರುವ ಅಂತರ ಇಲ್ಲಿ ಬಯಲಾಗುತ್ತದೆ.

ತೊಡಕುಗಳೂ ಇವೆ. ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸುಗಳ ವಾರದ ಅಸೈನ್‌ಮೆಂಟಿನ ಉತ್ತರಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. 2022ರ ಕೊನೆಗೆ ಉತ್ತರ ಬರೆದುಕೊಡುವ ಚಾಟ್‌ಜಿಪಿಟಿಯೂ ಬಂತು. ಮನೆಯಲ್ಲಿ ಬರೆದ ಉತ್ತರಕ್ಕೆ ಎದುರು ಕೂರಿಸಿಕೊಂಡು ಮಾಡುವ ಸಣ್ಣ ವೈವಾ ಈಗ ಅನಿವಾರ್ಯ. ದೊಡ್ಡ ತರಗತಿಗಳಲ್ಲಿ ಅದಕ್ಕೆ ಸಮಯ ಹೊಂದಿಸುವುದೇ ಕಷ್ಟ.

ಆದರೂ ವಿಟಿಯುವಿನ 2022ರ ಸ್ಕೀಮಿನಲ್ಲಿ 100ಕ್ಕೆ 50 ಅಂಕ ಆಂತರಿಕ ಮೌಲ್ಯಮಾಪನದ್ದು. ಅಷ್ಟರ ಮಟ್ಟಿಗೆ ಪ್ರಶ್ನೆಯ ಗುಣ ಕಾಲೇಜುಗಳ ಕೈಯಲ್ಲೇ ಇದೆ.