ಆಟ ಯಾರದು, ನೋಟ ಯಾರದು?

೨೦೨೫ರ ಜೂನ್ ತಿಂಗಳ ನಡುವಿನಲ್ಲಿ ಒಂದು ದಿನ, ಬೊಮ್ಮನಹಳ್ಳಿಯ ನಮ್ಮ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ವಿಭಕ್ತಿ ಪ್ರತ್ಯಯಗಳ ಪಾಠ ಹೇಳುತ್ತಿದ್ದೆ. ಷಷ್ಠಿಗೆ ಒಂದು ಉದಾಹರಣೆ ಕೊಡಿರೆಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು 'ಬೆಂಗಳೂರಿನ ತಂಡ' ಎಂದ. ಉತ್ತರವೇನೋ ಸರಿಯಾದದ್ದೇ. ಆದರೆ ಪಕ್ಕದವನು ಬಿಡಲಿಲ್ಲ. 'ಯಾವ ತಂಡ ಸಾರ್? ಕ್ರಿಕೆಟ್ಟಿನದೋ, ರಗ್ಬಿಯದೋ?'

ರಗ್ಬಿಯ ಮಾತು ಎಲ್ಲಿಂದ ಬಂತೆಂದರೆ, ಆ ತಿಂಗಳ ೧೫ರಂದು ಮುಂಬಯಿಯ ಅಂಧೇರಿಯಲ್ಲಿ ದೇಶದ ಮೊದಲ ವೃತ್ತಿಪರ ರಗ್ಬಿ ಲೀಗು ಆರಂಭವಾಗಿತ್ತು. ಆರು ತಂಡಗಳಲ್ಲಿ ಒಂದರ ಹೆಸರು ಬೆಂಗಳೂರು ಬ್ರೇವ್‌ಹಾರ್ಟ್ಸ್. ಪಂದ್ಯಗಳೆಲ್ಲವೂ ಮುಂಬಯಿಯಲ್ಲೇ, ಬೆಂಗಳೂರಿನ ಮಣ್ಣನ್ನು ಮೆಟ್ಟದೆಯೇ ಬೆಂಗಳೂರಿನ ತಂಡವೊಂದು ಹುಟ್ಟಿ ಆಡಿಯೂ ಆಡಿತು. ಷಷ್ಠಿಯ ಗುಣವೇ ಅಂಥದು. 'ದೊರೆಯ ಕುದುರೆ' ಎಂದರೆ ಅಲ್ಲಿ ಒಡೆತನವಿದೆ. 'ಊರಿನ ದಾರಿ' ಎಂದರೆ ಬರಿಯ ಸಂಬಂಧ. 'ಬೆಂಗಳೂರಿನ ತಂಡ' ಎನ್ನುವಲ್ಲಿ ಇರುವುದು ಯಾವುದು? ಪಾಠ ಅಲ್ಲಿಗೆ ನಿಂತಿತು. ನನ್ನ ಯೋಚನೆ ನಿಲ್ಲಲಿಲ್ಲ.

ರಗ್ಬಿ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕಲ್ಕತ್ತೆಯ ಬಿಳಿಯರು ೧೮೭೦ರ ದಶಕದಲ್ಲೇ ಸಂಘ ಕಟ್ಟಿಕೊಂಡು ಆಡಿದ್ದರು. ಸಂಘ ನಿಂತುಹೋದಾಗ ಬ್ಯಾಂಕಿನಲ್ಲಿ ಉಳಿದಿದ್ದ ೨೭೦ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರದ ಹಿಡಿಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಬಟ್ಟಲು ಮಾಡಿಸಿ ಇಂಗ್ಲೆಂಡಿಗೆ ಕಳುಹಿಸಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್ ತಂಡಗಳು ೧೮೭೯ರಿಂದ ಅದಕ್ಕಾಗಿ ಸೆಣಸುತ್ತ ಬಂದಿವೆ. ಆಟದಲ್ಲಿ ಉಳಿದ ಹಣ ಆಟಕ್ಕೇ ಸಂದ ಕಾಲ ಅದು.

ಆದರೆ ಹಣವಿಲ್ಲದವನ ಪಾಡು ಬೇರೆ. ಇಂಗ್ಲೆಂಡಿನ ಉತ್ತರ ಭಾಗದ ಗಣಿ, ಗಿರಣಿಗಳ ಕೂಲಿಕಾರರು ಶನಿವಾರ ಆಟಕ್ಕೆ ಹೋದರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಅಷ್ಟನ್ನು ತುಂಬಿಕೊಡಿರೆಂದು ಕೇಳಿದರೆ ದಕ್ಷಿಣದ ಗಣ್ಯರು ಒಪ್ಪಲಿಲ್ಲ. ೧೮೯೫ರ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಎಂಬ ಊರಿನಲ್ಲಿ ಉತ್ತರದವರು ಸೇರಿ ಬೇರೆಯಾದರು. ಅವರದು ಮುಂದೆ ಹದಿಮೂರು ಜನರ 'ರಗ್ಬಿ ಲೀಗ್' ಆಯಿತು. ಹದಿನೈದು ಜನರ 'ರಗ್ಬಿ ಯೂನಿಯನ್' ನೂರು ವರ್ಷಗಳ ಕಾಲ ಸಂಬಳವನ್ನು ಮುಟ್ಟೆನೆಂದು ವ್ರತ ಹಿಡಿದು ಕುಳಿತಿತು.

ಆ ವ್ರತವನ್ನು ಮುರಿದದ್ದು ಆಟಗಾರನ ಹಸಿವಲ್ಲ, ದೂರದರ್ಶನದ ಹಸಿವು. ಆಸ್ಟ್ರೇಲಿಯದಲ್ಲಿ ಕೆರಿ ಪ್ಯಾಕರ್ ಎಂಬ ಟೆಲಿವಿಷನ್ ಧಣಿ, ಕ್ರಿಕೆಟ್ ಪ್ರಸಾರದ ಹಕ್ಕು ತನಗೆ ದೊರೆಯಲಿಲ್ಲವೆಂದು ೧೯೭೭ರಲ್ಲಿ ಆಟಗಾರರನ್ನೇ ಕೊಂಡದ್ದು ನಮ್ಮ ಹಿರಿಯರಿಗೆ ನೆನಪಿರಬಹುದು. ೧೯೯೫ರಲ್ಲಿ ರೂಪರ್ಟ್ ಮರ್ಡಾಕರ ಪತ್ರಿಕಾ ಸಂಸ್ಥೆ ಅದೇ ಪಾಠವನ್ನು ರಗ್ಬಿಗೆ ಅನ್ವಯಿಸಿತು. ಕೇಬಲ್ಲಿನಲ್ಲಿ ತೋರಿಸಲು ಆಟ ಬೇಕು; ಇರುವ ಲೀಗು ಕೈಗೆ ಬಾರದು; ಹಾಗಾದರೆ ಹೊಸದೊಂದು ಲೀಗನ್ನೇ ಕಟ್ಟುವುದು! ೧೯೯೭ರಲ್ಲಿ ಎರಡು ಲೀಗುಗಳು ಎದುರುಬದುರು ನಡೆದು, ೧೯೯೮ರಲ್ಲಿ ಒಂದಾದಾಗ ಅರ್ಧ ಪಾಲು ಪತ್ರಿಕೆಯವರದಾಯಿತು. ತಂಡಗಳ ಸಂಖ್ಯೆಯನ್ನು ಹದಿನಾಲ್ಕಕ್ಕೆ ಇಳಿಸುವ ನಿಯಮದ ಕತ್ತಿ ಬಿದ್ದದ್ದು ೧೯೦೮ರಲ್ಲಿ ಹುಟ್ಟಿದ ಸೌತ್ ಸಿಡ್ನಿ ಎಂಬ ದುಡಿಯುವವರ ಕೇರಿಯ ತಂಡದ ಮೇಲೆ. ೧೯೯೯ರ ಕೊನೆಗೆ ಅದನ್ನು ಹೊರಗೆ ಹಾಕಿದರು. ಹತ್ತಾರು ಸಾವಿರ ಜನ ಸಿಡ್ನಿಯ ಬೀದಿಗಿಳಿದರು. ಆ ಮೆರವಣಿಗೆಯ ವರದಿ ಬರೆಯಬೇಕಾದ ಪತ್ರಿಕೆಗಳಲ್ಲಿ ಹಲವು, ಹೊರಗೆ ಹಾಕಿದವರದೇ. ವರದಿಗಾರ ಎಷ್ಟೇ ಸತ್ಯವಂತನಾಗಿರಲಿ, ಓದುವವನಿಗೆ ನಂಬಿಕೆ ಎಲ್ಲಿಂದ ಬರಬೇಕು? ೨೦೦೧ರಲ್ಲಿ ಒಂದು ನ್ಯಾಯಾಲಯ ತಂಡದ ಪರವಾಗಿ ತೀರ್ಪಿತ್ತಿತು, ೨೦೦೨ರಲ್ಲಿ ಅದು ಮರಳಿ ಬಂತು. ಮೇಲಿನ ನ್ಯಾಯಾಲಯ ೨೦೦೩ರಲ್ಲಿ ಆ ತೀರ್ಪನ್ನು ತಿರುಗಿಸಿತಾದರೂ, ಬಂದ ತಂಡವನ್ನು ಯಾರೂ ಮತ್ತೆ ಅಟ್ಟಲಿಲ್ಲ. ಪತ್ರಿಕಾ ಸಂಸ್ಥೆ ಆ ಲೀಗಿನ ಪಾಲನ್ನು ಬಿಟ್ಟುಕೊಟ್ಟದ್ದು ೨೦೧೨ರಲ್ಲಿ.

ಯೂನಿಯನ್ ಪಂಗಡದ ಕಥೆ ಇನ್ನೂ ಚಿಕ್ಕದು. ೧೯೯೫ರ ಜೂನಿನಲ್ಲಿ, ಜೋಹಾನ್ಸ್‌ಬರ್ಗಿನ ವಿಶ್ವಕಪ್ ಅಂತಿಮ ಪಂದ್ಯದ ಹಿಂದಿನ ದಿನ, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಮಂಡಲಿಗಳು ಹತ್ತು ವರ್ಷಗಳ ಪ್ರಸಾರವನ್ನು ೫೫ ಕೋಟಿ ಡಾಲರಿಗೆ ಮರ್ಡಾಕರಿಗೆ ಕೊಟ್ಟುಬಿಟ್ಟವು. ಎರಡೇ ತಿಂಗಳಲ್ಲಿ ನೂರು ವರ್ಷದ ವ್ರತ ಮುಗಿಯಿತು.

ಸೋಜಿಗವೆಂದರೆ, ಅದೇ ವರ್ಷವೇ ನಮ್ಮ ದೇಶದಲ್ಲಿ ಇದೇ ಪ್ರಶ್ನೆಗೆ ಬೇರೆಯೇ ಒಂದು ಉತ್ತರ ದೊರೆತಿತ್ತು. ೧೯೯೩ರ ಹೀರೋ ಕಪ್ ಪಂದ್ಯಗಳ ಪ್ರಸಾರವನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶೀ ಕಂಪನಿಗೆ ಕೊಟ್ಟಿತೆಂದು ಸರ್ಕಾರದೊಡನೆ ವ್ಯಾಜ್ಯವಾಗಿತ್ತು. ೧೯೯೫ರ ಫೆಬ್ರವರಿ ೯ರಂದು ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಬಾನಿನ ಅಲೆಗಳು ಸಾರ್ವಜನಿಕರ ಸ್ವತ್ತು, ಅವು ಸರ್ಕಾರದ ಗುತ್ತಿಗೆಯಲ್ಲ, ಹಾಗೆಂದು ಯಾವನೋ ಸಾಹುಕಾರನ ಗುತ್ತಿಗೆಯೂ ಆಗಕೂಡದು. ಕೇಳುವವನ, ನೋಡುವವನ ಹಕ್ಕು ಅದರಲ್ಲಿ ಸೇರಿದೆ. ಮಂಡಲಿ ಗೆದ್ದಿತು, ಸರ್ಕಾರ ಸೋತಿತು ಎಂದಷ್ಟೇ ಇದನ್ನು ನೆನೆಯುವವರೇ ಹೆಚ್ಚು. ತೀರ್ಪಿನ ಎರಡನೆಯ ಅರ್ಧ ಎಲ್ಲಿಯೋ ಉಳಿದುಹೋಯಿತು.

ಅದು ಉಳಿದುಹೋದ ಬಗೆಯನ್ನು ೨೦೦೮ರಿಂದ ನೋಡುತ್ತಿದ್ದೇವೆ. ಐ.ಪಿ.ಎಲ್. ಹರಾಜಿನಲ್ಲಿ ಹೈದರಾಬಾದಿನ ತಂಡವನ್ನು ಕೊಂಡವರು ಡೆಕ್ಕನ್ ಕ್ರಾನಿಕಲ್ ಪತ್ರಿಕೆಯವರು. ೨೦೧೨ರಲ್ಲಿ ಅವರ ತಂಡ ಹೋಗಿ ಹೊಸದು ಬಂದಾಗ ಕೊಂಡವರು ಸನ್ ಟಿ.ವಿ.ಯವರು; ನಮ್ಮ ಉದಯ ವಾಹಿನಿಯೂ ಅವರದೇ. ೨೦೨೨ರಲ್ಲಿ ಐದು ವರ್ಷಗಳ ಪ್ರಸಾರದ ಹಕ್ಕು ೪೮,೩೯೦ ಕೋಟಿ ರೂಪಾಯಿಗೆ ಹೋದಾಗ, ಅಂತರಜಾಲದ ಪಾಲನ್ನು ಪಡೆದದ್ದು ರಿಲಯನ್ಸಿನ ವಯಾಕಾಮ್ ೧೮. ೨೦೨೪ರ ನವೆಂಬರಿನಲ್ಲಿ ಅದೂ ಸ್ಟಾರೂ ಕೂಡಿ ಒಂದಾದವು. ಮುಂಬಯಿ ತಂಡದ ಧಣಿಯೂ ಅದೇ ಸಂಸ್ಥೆ. ಆಟದ ಮೈದಾನದಲ್ಲಿ ಒಂದು ಪಕ್ಷ, ಆಟವನ್ನು ತೋರಿಸುವವನೂ ಅದೇ ಪಕ್ಷ. ವಿವರಣೆಯಲ್ಲಿ ಮೋಸ ನಡೆದಿದೆಯೆಂದು ನಾನು ಹೇಳುತ್ತಿಲ್ಲ. ಮೌನ ನಡೆದರೆ ಅದು ಯಾರ ಮೌನವೆಂದು ತಿಳಿಯುವ ದಾರಿ ನಮಗಿಲ್ಲ ಎನ್ನುತ್ತೇನೆ, ಅಷ್ಟೆ. ೨೦೧೬ರಲ್ಲಿ ಹರ್ಷ ಭೋಗ್ಲೆಯವರನ್ನು ಆ ಪಂದ್ಯಾವಳಿಯ ವಿವರಣೆಕಾರರ ಪಟ್ಟಿಯಿಂದ ಬಿಟ್ಟರು. ಕಾರಣವನ್ನು ಯಾರೂ ಬಹಿರಂಗವಾಗಿ ಹೇಳಲಿಲ್ಲ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ನಾನು ಹುಡುಗನಾಗಿದ್ದಾಗ ಬಾನುಲಿಗೆ ಕಿವಿಹಚ್ಚಿ ಕೇಳಿದ ವೀಕ್ಷಕ ವಿವರಣೆ ಇಂಗ್ಲಿಷಿನದು, ಇಲ್ಲವೆ ಹಿಂದಿಯದು. ಐ.ಪಿ.ಎಲ್. ಆಟವನ್ನು ೨೦೧೮ರಲ್ಲಿ ಕನ್ನಡದಲ್ಲಿ ಹೇಳಿಸಿದವರು ವ್ಯಾಪಾರಿಗಳೇ. ಭಾಷೆ ಕೆಲವೆಡೆ ಕಿವಿಗೆ ಚುಚ್ಚುತ್ತದೆ, ಆದರೂ ಕನ್ನಡವೇ. ಆದರೆ ಊರಿನ ಹೆಸರಿನ ವಿಷಯದಲ್ಲಿ ಇಷ್ಟು ಚುರುಕು ಕಾಣಲಿಲ್ಲ. ನಮ್ಮ ನಗರ ೨೦೧೪ರ ನವೆಂಬರ್ ೧ರಂದು ಅಧಿಕೃತವಾಗಿ ಬೆಂಗಳೂರು ಆಯಿತು. ತಂಡ ತನ್ನ ಹೆಸರಿನಲ್ಲಿ ಅದನ್ನು ಒಪ್ಪಿಕೊಂಡದ್ದು ೨೦೨೪ರ ಮಾರ್ಚಿನಲ್ಲಿ. ಹೆಸರಿನ ಮೊದಲ ಭಾಗವೋ, ವಿಜಯ್ ಮಲ್ಯರ ಕಂಪನಿ ೨೦೦೮ರಲ್ಲಿ ೧೧ ಕೋಟಿ ೧೬ ಲಕ್ಷ ಡಾಲರು ಕೊಟ್ಟು ತಂಡ ಕೊಂಡಾಗ ತನ್ನ ವಿಸ್ಕಿಯ ಹೆಸರನ್ನು ನೆನಪಿಸುವಂತೆ ಇಟ್ಟದ್ದು. ಮದ್ಯದ ಜಾಹೀರಾತಿಗೆ ದೂರದರ್ಶನದಲ್ಲಿ ನಿಷೇಧವುಂಟು. ತಂಡದ ಹೆಸರಿಗೆ ಇಲ್ಲ.

ಈಗ ಆ ದಿನದ ಮಾತು. ೨೦೨೫ರ ಜೂನ್ ೩ರ ರಾತ್ರಿ ಆ ತಂಡ ಐ.ಪಿ.ಎಲ್. ಕಪ್ಪನ್ನು ಮೊದಲ ಸಲ ಗೆದ್ದಿತು. ಮರುದಿನ ಬೆಳಿಗ್ಗೆ ವಿಜಯದ ಮೆರವಣಿಗೆಯ ಸುದ್ದಿ ಬಂದದ್ದು ಪತ್ರಿಕೆಯಿಂದಲ್ಲ, ತಂಡದ ಸ್ವಂತ ಜಾಲತಾಣದ ಪುಟಗಳಿಂದ. ಸರ್ಕಾರವೂ ವಿಧಾನಸೌಧದ ಮುಂದೆ ಸನ್ಮಾನ ಏರ್ಪಡಿಸಿತ್ತು. ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ಹತ್ತನೆಯ ತರಗತಿಯ ಬೆಂಚುಗಳು ಖಾಲಿ. ಹುಡುಗರು ಹೊಸೂರು ರಸ್ತೆಯಲ್ಲಿ ಸಿಕ್ಕ ಬಸ್ಸು ಹತ್ತಿದ್ದರು. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತಕ್ಕೆ ೧೧ ಮಂದಿ ಸತ್ತರು. ನಮ್ಮ ಹುಡುಗರೆಲ್ಲ ಮನೆ ಸೇರಿದರೆಂದು ತಿಳಿಯುವ ಹೊತ್ತಿಗೆ ರಾತ್ರಿ ಹತ್ತು ಗಂಟೆ ದಾಟಿತ್ತು. ಪೊಲೀಸರ ಒಪ್ಪಿಗೆಯಿಲ್ಲದೆ ಹಾಗೆ ಪ್ರಕಟಿಸಿದ ತಂಡವೇ ಜನ ನೆರೆಯಲು ಮೇಲ್ನೋಟಕ್ಕೆ ಹೊಣೆಯೆಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ ೧ರಂದು ಹೇಳಿತು.

ಹಿಂದೆ ಇಂಥ ಸುದ್ದಿಯ ನಡುವೆ ವರದಿಗಾರನೆಂಬ ಒಬ್ಬನಿದ್ದ. ಅವನು ಪೊಲೀಸು ಕಚೇರಿಗೆ ಒಂದು ಫೋನು ಮಾಡುತ್ತಿದ್ದ. 'ಮೆರವಣಿಗೆಗೆ ಅನುಮತಿ ಕೊಟ್ಟಿದ್ದೀರಾ?' ಎಂದು ಕೇಳುತ್ತಿದ್ದ. ಧಣಿಯೇ ಸುದ್ದಿ ಹೇಳುವವನಾದಾಗ ಆ ಫೋನನ್ನು ಮಾಡುವವರು ಯಾರು?

ಸಾರ್ವಜನಿಕ ಪ್ರಸಾರಕ್ಕೆ ಕ್ರೀಡೆಯ ಪಾಲು ಸಿಗಲೆಂದು ೨೦೦೭ರಲ್ಲಿ ಒಂದು ಕಾನೂನು ಬಂತು. ರಾಷ್ಟ್ರೀಯ ಮಹತ್ತ್ವದ ಪಂದ್ಯಗಳನ್ನು ಖಾಸಗಿಯವರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕು. ದೇಶದ ತಂಡ ಆಡುವ ಪಂದ್ಯಗಳಿಗೆ ಅದು ಸಲ್ಲುತ್ತದೆ. ಊರುಗಳ ಹೆಸರು ಹೊತ್ತ ಈ ಲೀಗುಗಳಿಗೆ ಸಲ್ಲುವುದಿಲ್ಲ. ಅಂಧೇರಿಯ ರಗ್ಬಿಯೂ ಹೊರಗೇ. ಅದನ್ನು ರಗ್ಬಿ ಇಂಡಿಯಾದೊಡನೆ ನಡೆಸಿದ ಜಿ.ಎಂ.ಆರ್. ಸಂಸ್ಥೆಯವರಿಗೆ ದೆಹಲಿಯ ಕ್ರಿಕೆಟ್ ತಂಡದಲ್ಲಿ ಪಾಲಿದೆ. ತೋರಿಸಿದವರು ಮತ್ತೆ ಆ ಕೂಡಿಕೊಂಡ ಸಂಸ್ಥೆಯವರೇ.

ಮರುದಿನ ತರಗತಿಯಲ್ಲಿ ಆ ಹುಡುಗ ರಗ್ಬಿ ತಂಡ ಕಂಠೀರವ ಕ್ರೀಡಾಂಗಣಕ್ಕೆ ಯಾವಾಗ ಬರುತ್ತದೆಂದು ಕೇಳಿದ. ಕರಿಹಲಗೆಯ ಮೇಲೆ ಆ ತಿಂಗಳ ಪಂದ್ಯಗಳ ದಿನಾಂಕಗಳನ್ನು ಬರೆದು, ಪ್ರತಿಯೊಂದರ ಮುಂದೆಯೂ 'ಮುಂಬಯಿ' ಎಂದು ಬರೆದೆ. ಅವನು ಸ್ವಲ್ಪ ಹೊತ್ತು ನೋಡಿ, 'ಹಾಗಾದರೆ ಇದು ದೊರೆಯ ಕುದುರೆ, ಸಾರ್' ಎಂದು ಕುಳಿತುಕೊಂಡ.